ಗಂಟು ಬಿಚ್ಚುವ ಮೊದಲು

ಮಾತುಂಗ, ಮುಂಬಯಿ

ಚಿ. ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ಪುಣೆಯಲ್ಲಿ ಮಳೆ ಹಿಡಿದಿದೆ ಎಂದು ನಿನ್ನಮ್ಮ ಹೇಳಿದಳು.

ಜೂನಾ ಬಜಾರಿನಲ್ಲಿ ಭಾನುವಾರ ಸಿಕ್ಕ ಹಳೆಯ ಚಿತ್ರದ ಅಂಚೆ ಕಾರ್ಡುಗಳ ಫೋಟೋಗಳನ್ನು ನೀನು ಮೊಬೈಲಿಗೆ ಕಳಿಸಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಸಂತೋಷಕ್ಕೇ ಬರಲಿಲ್ಲ. ನಮ್ಮ ಮನೆಯಲ್ಲಿ ಈ ಹುಚ್ಚು ನನ್ನೊಂದಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಒಂದು ಮಾತು. ನಲವತ್ತು ಕಾರ್ಡುಗಳ ಮುಖ ತೋರಿಸಿದ್ದೀಯೆ, ಒಂದರ ಬೆನ್ನನ್ನೂ ತೋರಿಸಿಲ್ಲ. ನಮಗೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇರುವುದು ಬೆನ್ನಿನ ಮೇಲೆ.

ತಾಜ್ ಹೋಟೆಲಿನ ಕಾರ್ಡಿಗೆ ‘ಬೊಂಬಾಯಿ, 1900’ ಎಂದು ಹೆಸರಿಟ್ಟಿದ್ದೀಯೆ. ಆ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರಿನಲ್ಲಿ. ಅಂಗಡಿಯವನು ಹೇಳಿದ ವರ್ಷವನ್ನು ಬರೆದುಕೊಂಡೆ ಎಂದು ಕಾಣುತ್ತದೆ. ತಪ್ಪಲ್ಲ, ಎಲ್ಲರೂ ಹಾಗೆಯೇ ಶುರುಮಾಡುತ್ತಾರೆ. ಈಗ ಅದನ್ನು ತಿರುಗಿಸಿ ನೋಡು. ಬೆನ್ನಿನ ನಡುವೆ ಒಂದು ಗೆರೆಯಿದ್ದು, ಎಡಕ್ಕೆ ಪತ್ರ, ಬಲಕ್ಕೆ ವಿಳಾಸ ಎಂದು ಪಾಲಾಗಿದೆಯೇ? ಮೊದಮೊದಲು ಬೆನ್ನು ಇಡಿಯಾಗಿ ವಿಳಾಸಕ್ಕೇ ಮೀಸಲು. ಹೇಳಬೇಕಾದದ್ದನ್ನು ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ತುರುಕಬೇಕಿತ್ತು. ಬೆನ್ನನ್ನು ಪಾಲು ಮಾಡಲು ಬ್ರಿಟನ್ನಿನ ಅಂಚೆಯವರು ಒಪ್ಪಿದ್ದು 1902ರಲ್ಲಿ, ಅಮೆರಿಕದವರು 1907ರಲ್ಲಿ. ಆಮೇಲೆ ಅಂಚೆಚೀಟಿ ನೋಡು. ಅದರ ಮೇಲೆ ಐದನೇ ಜಾರ್ಜ್ ದೊರೆಯ ತಲೆಯಿದ್ದರೆ ಕಾರ್ಡು ಅಂಚೆಗೆ ಬಿದ್ದದ್ದು 1911ಕ್ಕಿಂತ ಹಿಂದಲ್ಲ. ಮೊಹರು ಓದಲು ಬಂದರೆ ದಿನವೇ ಸಿಕ್ಕಿತು. ಹೀಗೆ ಒಂದು ತುದಿಯಲ್ಲಿ ಹೋಟೆಲು, ಇನ್ನೊಂದು ತುದಿಯಲ್ಲಿ ಮೊಹರು. ಆ ಎರಡರ ನಡುವೆ ಎಂದೋ ಫೋಟೋ ತೆಗೆದರು, ಎಂದೋ ಅಚ್ಚುಹಾಕಿದರು ಎಂದಷ್ಟೇ ಬರೆ. ಒಂದೇ ವರ್ಷ ಬರೆದು ಮುಗಿಸುವ ಆಸೆ ಬೇಡ.

ಕುದುರೆ ಟ್ರಾಮಿನ ಕಾರ್ಡು ನನ್ನ ಮನಸ್ಸು ಸೆಳೆಯಿತು. ಮುಂಬಯಿಯಲ್ಲಿ ಕುದುರೆಗಳು ಟ್ರಾಮು ಎಳೆಯತೊಡಗಿದ್ದು 1874ರಲ್ಲಿ. ವಿದ್ಯುತ್ ಟ್ರಾಮು ಓಡಿದ್ದು 1907ರಲ್ಲಿ. ಹಾಗಾಗಿ ಫೋಟೋ ಹೆಚ್ಚುಕಡಿಮೆ ಆ ಎರಡರ ನಡುವಿನದು. ಕಾರ್ಡೂ ಅಷ್ಟೇ ಹಳೆಯದು ಎಂದು ಮಾತ್ರ ಹೇಳಬೇಡ. ಪ್ರಕಾಶಕರು ಒಂದೇ ಫೋಟೋವನ್ನು ಎಷ್ಟೋ ವರ್ಷ ಮತ್ತೆ ಮತ್ತೆ ಅಚ್ಚುಹಾಕಿ ಮಾರುತ್ತಿದ್ದರು. ಇನ್ನು ರಸ್ತೆಯ ಮೇಲೆ ತಂತಿಗಳಿಲ್ಲ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡ. ಚಂದ ಕಾಣಲೆಂದು ತಂತಿಗಳನ್ನು ಅಳಿಸಿ ಆಕಾಶ ಬಳಿಯುವುದು ಅಚ್ಚಿನವರಿಗೆ ಅಭ್ಯಾಸ. ಬಣ್ಣವನ್ನಂತೂ ನಂಬಲೇಬೇಡ. ಆ ಕಾಲದ ಬಣ್ಣದ ಕಾರ್ಡುಗಳಲ್ಲಿ ಬಹಳಷ್ಟು ಅಚ್ಚಾದದ್ದು ಜರ್ಮನಿಯಲ್ಲಿ. ನಮ್ಮ ಊರನ್ನೇ ಕಾಣದವರು ನಮ್ಮ ಹೆಂಗಸರ ಸೀರೆಗೆ ಬಣ್ಣ ಹಾಕಿದರು.

ಪ್ರಕಾಶಕರ ವಿಷಯ ಸ್ವಲ್ಪ ನಿಧಾನವಾಗಿ ಓದು. ಫೋಟೋ ತೆಗೆದವನು, ಅಚ್ಚುಹಾಕಿದವನು, ಹೆಸರು ಹಾಕಿ ಮಾರಿದವನು ಮೂವರೂ ಒಬ್ಬರೇ ಇರಬಹುದು, ಬೇರೆ ಬೇರೆ ಇರಬಹುದು. ಮುಂಬಯಿಯ ಕ್ಲಿಫ್ಟನ್ ಕಂಪನಿಯವರು ಸ್ವತಃ ಫೋಟೋಗ್ರಾಫರರು. ಮದ್ರಾಸು, ಬೆಂಗಳೂರಿನ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ. ಕಲ್ಕತ್ತೆಯ ಮ್ಯಾಕ್ರೊಪೋಲೊ ತಂಬಾಕಿನ ವ್ಯಾಪಾರಿ. ಅವರ ಹೆಸರಿನ ಕಾರ್ಡುಗಳೂ ಇವೆ. ರವಿವರ್ಮನ ಪ್ರೆಸ್ಸು 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ನೀನು ರೈಲಿನಲ್ಲಿ ನನ್ನಲ್ಲಿಗೆ ಬರುವಾಗ ದಾರಿಯಲ್ಲೇ ಸಿಗುವ ಸ್ಟೇಷನ್ನು ಅದು. ಜೆ. ಜೆ. ಕಲಾಶಾಲೆಯ ಚಿತ್ರಕಾರ ಎಂ. ವಿ. ಧುರಂಧರ್ ಅವರು ಮುಂಬಯಿಯ ಜನರನ್ನು ಬಿಡಿಸಿದ ಕಾರ್ಡುಗಳು ಸಿಕ್ಕರೆ ಬಿಡಬೇಡ.

ಲಂಡನ್ನಿನ ರಫೇಲ್ ಟಕ್ ಕಂಪನಿಯ ಕತೆಯನ್ನೂ ಹೇಳಬೇಕು. ಜಗತ್ತಿನ ಮೂಲೆ ಮೂಲೆಗೆ ಕಾರ್ಡು ಮಾಡಿದವರು ಅವರು. ಭಾರತದವೂ ಬಹಳ ಇವೆ. 1940ರ ಡಿಸೆಂಬರ್ 29ರ ರಾತ್ರಿ ಬಾಂಬು ಬಿದ್ದು ಅವರ ಕಟ್ಟಡ, ದಾಖಲೆ ಸಹಿತ, ಸುಟ್ಟುಹೋಯಿತು. ಇಂದು ಯಾವ ಸರಣಿಯಲ್ಲಿ ಎಷ್ಟು ಕಾರ್ಡುಗಳಿದ್ದವು ಎಂದು ತಿಳಿದಿದ್ದರೆ, ಅದು ನಿನ್ನಂಥವರು, ನನ್ನಂಥವರು ಕೈಗೆ ಸಿಕ್ಕ ಕಾರ್ಡುಗಳ ಬೆನ್ನಿನ ಸಂಖ್ಯೆಗಳನ್ನು ಒಂದೊಂದಾಗಿ ಬರೆದಿಟ್ಟದ್ದರಿಂದ. ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗಾದರೆ ನಮ್ಮ ಊರಿನ ಸಣ್ಣ ಅಂಗಡಿಗಳ ಲೆಕ್ಕದ ಪುಸ್ತಕ ಎಲ್ಲಿಂದ ಬರಬೇಕು? ಅದಕ್ಕೇ ಹೇಳುತ್ತಿದ್ದೇನೆ, ಪ್ರಕಾಶಕನ ಹೆಸರನ್ನು ಅಕ್ಷರ ಬಿಡದೆ ಬರೆ. ‘ಕ್ಲಿಫ್ಟನ್ ಅಂಡ್ ಕೋ.’ ಎಂದಷ್ಟೇ ಇರುವ ಕಾರ್ಡು ಬೇರೆ, ಜೊತೆಗೆ ‘ಬಾಂಬೆ’ ಎಂದೂ ಇರುವುದು ಬೇರೆ. ಚಿತ್ರದ ಕೆಳಗಿನ ಸಾಲಿನಲ್ಲಿ ಕಾಗುಣಿತ ತಪ್ಪಿದ್ದರೆ ತಿದ್ದಬೇಡ. ಮೊದಲ ಅಚ್ಚು ಯಾವುದು, ಎರಡನೆಯದು ಯಾವುದು ಎಂದು ಗುರುತು ಹೇಳುವುದು ಎಷ್ಟೋ ಸಲ ಆ ತಪ್ಪೇ. ‘ಹಿಂದೂ ಹೆಂಗಸು’, ‘ನೀರು ಹೊರುವವನು’ ಎಂದು ಹೆಸರಿಲ್ಲದೆ ನಿಲ್ಲಿಸಿದ ಜನರ ಕಾರ್ಡುಗಳೂ ನಿನಗೆ ಸಿಗುತ್ತವೆ. ಅಚ್ಚಾದ ಸಾಲನ್ನು ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ‘ಇವರ ಹೆಸರು ದಾಖಲಾಗಿಲ್ಲ’ ಎಂದು ಬರೆ. ನಾನು ಪ್ರತಿ ಸಲವೂ ಬರೆಯುತ್ತೇನೆ.

ಅಕ್ಕಸಾಲಿಗರು ಬಳಸುವ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಕೊಂಡುಕೋ. ಚಿತ್ರದಲ್ಲಿ ಸಾಲುಹಿಡಿದ ಚುಕ್ಕಿಗಳು ಕಂಡರೆ ಅದು ಹಾಫ್‌ಟೋನ್ ಎಂಬ ಬಗೆಯ ಅಚ್ಚು. ಚುಕ್ಕಿಯೇ ಇಲ್ಲದೆ, ಬತ್ತಿದ ಕೆರೆಯ ಅಂಗಳದ ಬಿರುಕುಗಳಂತೆ ಸಣ್ಣ ಸುಕ್ಕುಗಳು ಹೆಣೆದುಕೊಂಡಿದ್ದರೆ ಕೊಲೊಟೈಪ್ ಎಂಬ ಇನ್ನೊಂದು ಬಗೆಯ ಅಚ್ಚು. ಏನೂ ಇಲ್ಲದೆ ನುಣ್ಣಗಿದ್ದು, ಕಪ್ಪು ಭಾಗದಲ್ಲಿ ಓರೆಯಾಗಿ ಹಿಡಿದರೆ ಬೆಳ್ಳಿಯ ಹೊಳಪು ಕಂಡರೆ ನಿಜವಾದ ಫೋಟೋ. ವಾರವೊಂದು ನೋಡಿದರೆ ಕಣ್ಣಿಗೆ ತಾನಾಗಿ ಬರುತ್ತದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನಿನ್ನಮ್ಮನಿಗೂ ಪೂರ್ತಿ ಹೇಳಿದವಳಲ್ಲ.

ನಮ್ಮ ಅಜ್ಜ ಮುಂಬಯಿಯ ಮಾಂಡವಿಯ ಮಸಾಲೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ಅಜ್ಜಿ ಕುಮಟೆಯಲ್ಲಿದ್ದರು. ಅಜ್ಜ ಕಳಿಸಿದ ಕಾರ್ಡುಗಳನ್ನು ಅಜ್ಜಿ ಬಂದ ಕ್ರಮದಲ್ಲೇ ಜೋಡಿಸಿ, ಕೆಂಪು ದಾರ ಸುತ್ತಿ, ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನಗೆ ಹದಿನೈದು ವರ್ಷ. ಅಂಚೆಚೀಟಿಯ ಹುಚ್ಚು ಹಿಡಿದಿತ್ತು. ಒಂದು ಮಧ್ಯಾಹ್ನ ಎಲ್ಲವನ್ನೂ ಹಿತ್ತಾಳೆಯ ತಟ್ಟೆಯಲ್ಲಿ ನೀರು ಹಾಕಿ ನೆನೆಸಿ ಚೀಟಿ ಬಿಡಿಸಿಕೊಂಡೆ, ಕಾರ್ಡುಗಳನ್ನು ಊರುಗಳ ಪ್ರಕಾರ ವಿಂಗಡಿಸಿದೆ. ಆ ಚೀಟಿಗಳನ್ನು ಸ್ನೇಹಿತೆಯೊಂದಿಗೆ ಅದಲುಬದಲು ಮಾಡಿಕೊಂಡೆ. ಮೊಹರಿನ ಅರ್ಧ ಚೀಟಿಯೊಂದಿಗೆ ಹೋಯಿತು, ಉಳಿದರ್ಧ ನೀರಿನಲ್ಲಿ ಕದಡಿತು.

ಅದರಲ್ಲೊಂದು ರಾಜಾಬಾಯಿ ಗೋಪುರದ ಕಾರ್ಡು. ಬೆನ್ನಿನ ಮೇಲೆ ಅಜ್ಜನ ಕೈಬರಹದಲ್ಲಿ ಹೀಗಿದೆ: ‘ಕೂಸಿನ ಜ್ವರ ಇಳಿಯಿತೆಂದು ತಿಳಿದು ಜೀವ ಬಂತು. ನೀನು ಊಟ ಬಿಡಬೇಡ.’ ಯಾವ ಕೂಸು? ಅಜ್ಜಿಯ ಮೊದಲ ಮಗಳು 1909ರಲ್ಲಿ ಜ್ವರದಿಂದಲೇ ತೀರಿಕೊಂಡಳು. ನನ್ನ ಅಪ್ಪ ಹುಟ್ಟಿದ್ದು 1912ರಲ್ಲಿ. ಚೀಟಿಯ ಮೇಲೆ ಎಡ್ವರ್ಡ್ ದೊರೆಯ ತಲೆಯಿತ್ತೋ ಜಾರ್ಜ್ ದೊರೆಯ ತಲೆಯಿತ್ತೋ ಎಂಬಷ್ಟು ತಿಳಿದಿದ್ದರೂ ಸಾಕಿತ್ತು. ಅದನ್ನು ಅಳಿಸಿದವಳು ನಾನು. ಆಮೇಲೆ ಮೂವತ್ತು ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಬೇರೆಯವರ ಪುಸ್ತಕಗಳ ಸೂಚಿ ಬರೆದೆ. ನನ್ನ ಸ್ವಂತ ಸೂಚಿಯಲ್ಲಿ ಆ ಕಾರ್ಡಿನ ತಾರೀಖಿನ ಜಾಗ ಖಾಲಿಯಿದೆ.

ಆದ್ದರಿಂದ, ಮಗು, ಯಾವ ಕಾರ್ಡಿನಿಂದಲೂ ಚೀಟಿ ಕೀಳಬೇಡ. ಕಟ್ಟಾಗಿ ಸಿಕ್ಕದ್ದನ್ನು ಬಿಚ್ಚುವ ಮೊದಲು ಇದ್ದ ಕ್ರಮದಲ್ಲಿ ಎರಡೂ ಬದಿಯ ಫೋಟೋ ತೆಗೆ. ಎಲ್ಲಿ, ಯಾವ ದಿನ, ಯಾವ ಕಟ್ಟಿನಲ್ಲಿ ಸಿಕ್ಕಿತೆಂದು ಅಂದೇ ಬರೆ. ಕಣ್ಣಾರೆ ಕಂಡದ್ದು ಒಂದು ಕಡೆ, ನಿನ್ನ ಊಹೆ ಇನ್ನೊಂದು ಕಡೆ ಇರಲಿ. ಕ್ರಮಸಂಖ್ಯೆಯನ್ನು ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆಯಲೇಬೇಡ. ಲ್ಯಾಮಿನೇಶನ್, ಅಂಟುಪಟ್ಟಿ, ಅಂಟುವ ಹಾಳೆಯ ಆಲ್ಬಮ್ ಯಾವುದೂ ಬೇಡ. ಪಿವಿಸಿ ಅಲ್ಲದ, ಪಾಲಿಯೆಸ್ಟರಿನ ತೆಳು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯಲ್ಲಿ ನಿಲ್ಲಿಸಿಡು. ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟು ಒಳ್ಳೆಯದಲ್ಲ.

ನೀನು ಕಳಿಸಿದ ಕೊನೆಯ ಫೋಟೋದಲ್ಲಿ ಮೂಲೆಯಲ್ಲಿ ನೀಲಿ ಲಾಡಿ ಕಟ್ಟಿದ ಸಣ್ಣ ಗಂಟೊಂದು ಕಂಡಿತು. ಅದನ್ನಿನ್ನೂ ಬಿಚ್ಚಿರದಿದ್ದರೆ ಹಾಗೆಯೇ ಇರಲಿ. ಶನಿವಾರ ಬೆಳಗಿನ ಗಾಡಿಗೆ ಹತ್ತಿ ಬಾ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಟ್ಟುಕೋ. ಕಿಟಕಿಯ ಹತ್ತಿರ ಮೇಜು ಖಾಲಿ ಮಾಡಿ, ಹೊಸ ನೋಟುಪುಸ್ತಕ ಇಟ್ಟಿರುತ್ತೇನೆ. ಇಬ್ಬರೂ ಕೈ ತೊಳೆದು ಒರೆಸಿಕೊಂಡು ಕುಳಿತು ಬಿಚ್ಚೋಣ.

ಇತಿ ನಿನ್ನ
ದೊಡ್ಡಮ್ಮ