ಹಳೇಬೀಡು ಅಂದರೆ ಒಂದೇ ಗುಡಿಯಲ್ಲ

ಮಾನ್ಯರೇ,

ಬೇಲೂರು, ಸೋಮನಾಥಪುರದ ಜೊತೆ ನಮ್ಮ ಹಳೇಬೀಡೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇದಕ್ಕಿಂತ ಖುಷಿ ಇನ್ನೇನಿದೆ? ಆದರೆ ಬರುವ ಜನ ಹೊಯ್ಸಳೇಶ್ವರ ಗುಡಿ ಮುಂದೆ ಇಳಿದು, ಫೋಟೊ ತೆಗೆದುಕೊಂಡು, ಹಾಗೇ ಬೇಲೂರಿನ ದಾರಿ ಹಿಡಿಯುತ್ತಾರೆ.

ಕೂಗಳತೆ ದೂರದಲ್ಲೇ ಬಸದಿಹಳ್ಳಿ ಇದೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು ಕಟ್ಟಿದ್ದು 1133ರಲ್ಲಿ. ಒಳಗಿನ ಕಂಬಗಳನ್ನು ಎಷ್ಟು ನಯವಾಗಿ ಕಡೆದಿದ್ದಾರೆ ಎಂದರೆ, ಹತ್ತಿರ ನಿಂತರೆ ಕರಿಕಲ್ಲಿನಲ್ಲಿ ನಮ್ಮದೇ ನೆರಳು ಕಾಣುತ್ತದೆ. ಕೈ ಸವರಿದರೆ ಉಳಿಯ ಗುರುತೂ ಸಿಗುವುದಿಲ್ಲ! ಅದರಾಚೆ ಕೇದಾರೇಶ್ವರ ಗುಡಿ. ಹುಲಿಕೆರೆಯಲ್ಲಿ ಮೆಟ್ಟಿಲ ತುಂಬ ಪುಟ್ಟ ಗುಡಿಗಳಿರುವ ಕಲ್ಯಾಣಿ. ಇಷ್ಟೆಲ್ಲ ಸುಮ್ನೆ ಬಿಟ್ಟು ಹೋಗುವಂಥದ್ದಾ?

ಇದು ಹೊಯ್ಸಳರ ರಾಜಧಾನಿ ದೋರಸಮುದ್ರ. 14ನೇ ಶತಮಾನದ ದಾಳಿಗಳಲ್ಲಿ ನಲುಗಿದರೂ ಊರು ಉಳಿಯಿತು. ಅಂದಿನ ಕೆರೆ ಇಂದಿಗೂ ರೈತರ ಜೀವ.

ಬಸ್ ನಿಲ್ದಾಣದಲ್ಲಿ ಕನ್ನಡದ ದೊಡ್ಡ ನಕ್ಷೆಯೊಂದನ್ನು ಹಾಕಲಿ. ಬಸದಿ, ಹುಲಿಕೆರೆ ಕಡೆಗೆ ದಾರಿ ತೋರುವ ಫಲಕ ನಿಲ್ಲಿಸಲಿ. ಊರಿನ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡಲಿ. ಜನ ಅರ್ಧ ದಿನ ಜಾಸ್ತಿ ಉಳಿದರೆ ಆಟೊದವರಿಗೆ, ಎಳನೀರು ಮಾರುವವರಿಗೆ ನಾಲ್ಕು ಕಾಸು ಸಿಗುತ್ತದೆ ಅಲ್ವಾ? ಪ್ರವಾಸೋದ್ಯಮ ಇಲಾಖೆ ಈ ಬೇಸಿಗೆ ರಜೆಗೆ ಮುಂಚೆಯೇ ಕೆಲಸ ಶುರು ಮಾಡಲಿ.

– ಓದುಗರೊಬ್ಬರು, ಹಳೇಬೀಡು, ಹಾಸನ ಜಿಲ್ಲೆ