ಹೋಟೆಲಿನದು ಹೋಟೆಲಿಗೆ, ಮನೆಯದು ಮನೆಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಬೆಂಗಳೂರಿಗೆ ವರ್ಗ ಆಯ್ತು, ಚಾಮರಾಜಪೇಟೆಯಲ್ಲಿ ರೂಮೂ ಸಿಕ್ತು. ಒಂದು ಕರೆಂಟ್ ಒಲೆ, ಒಂದು ಕಾವಲಿ, ಎರಡು ಪಾತ್ರೆ, ಇಷ್ಟು ಸಂಸಾರ. ಮೂರು ಹೊತ್ತೂ ಹೋಟೆಲು, ರಾತ್ರಿಯಾದರೆ ಎದೆಯುರಿ. "ನೀನು ಅಲ್ಲಿ ಇದ್ದವನಲ್ಲವಾ, ಎಲ್ಲಿ ತಿನ್ನೋದು, ಎಂತ ಮಾಡ್ಕೊಳ್ಳೋದು, ಸ್ವಲ್ಪ ಹೇಳು ಮಾರಾಯ" ಅಂದಿದ್ದೀಯ. ಫೋನಲ್ಲಿ ಹೇಳಿದರೆ ಹೂಂಗುಟ್ಟಿ ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಊರು ಬಿಟ್ಟು ರೂಮು ಹಿಡಿದವರು ಬೇಕಾದಷ್ಟು ಜನ ಇದ್ದಾರೆ, ಅವರೂ ಓದಿಕೊಳ್ಳಲಿ.

ನಂದೊಂದೇ ಸಿದ್ಧಾಂತ. ಹೋಟೆಲಿನವರ ಕೈಯಲ್ಲೇ ಚೆನ್ನಾಗಿ ಆಗೋದನ್ನು ರೂಮಲ್ಲಿ ಮಾಡಲು ಹೋಗಬೇಡ. ರೂಮಲ್ಲಿ ಹತ್ತು ನಿಮಿಷಕ್ಕೆ ಆಗೋದನ್ನು ದುಡ್ಡು ಕೊಟ್ಟು ತಿನ್ನಬೇಡ.

ಮಸಾಲೆ ದೋಸೆಯನ್ನೇ ತಗೋ. ಹೋಟೆಲಿನ ಕಲ್ಲು ಹತ್ತಿರ ನಿಂತು ಒಮ್ಮೆ ನೋಡು. ಅಷ್ಟು ದಪ್ಪ ಕಬ್ಬಿಣದ ಹಲಗೆ, ಬೆಳಗಿನಿಂದ ಕಾದೇ ಇರುತ್ತದೆ. ಭಟ್ಟರು ನೀರು ಎರಚಿ, ಕಡ್ಡಿ ಪೊರಕೆಯಲ್ಲಿ ಒಮ್ಮೆ ಬಳಿದು, ಚೊಂಯ್ ಅನ್ನೋದು ನಿಲ್ಲುವಷ್ಟರಲ್ಲಿ ಸಾಲಾಗಿ ಹಿಟ್ಟು ಹುಯ್ದುಬಿಡುತ್ತಾರೆ. ಎಷ್ಟು ದೋಸೆ ಹುಯ್ದರೂ ಕಲ್ಲು ತಣಿಯೋದಿಲ್ಲ. ಮೇಲೆ ತುಪ್ಪ, ಪಲ್ಯ, ಸಟ್ಟುಗದಲ್ಲಿ ಅಂಚು ಕೆರೆದು ಒಂದು ಮಡಿಕೆ. ನಮ್ಮ ಕಾವಲಿಗೆ ಹಿಟ್ಟು ಬಿದ್ದ ಕೂಡಲೇ ಬಿಸಿ ಇಳಿಯುತ್ತದೆ, ಮೊದಲನೆಯದು ಬಿಳಿಚಿಕೊಳ್ಳುತ್ತದೆ. ಉರಿ ಏರಿಸಿದರೆ ಎರಡನೆಯದು ಕರಕಲು. ಮೇಲಾಗಿ ಒಬ್ಬನಿಗೆ ಅಂತ ರುಬ್ಬಿದ ಹಿಟ್ಟು ಮೂರನೇ ದಿನಕ್ಕೆ ಹುಳಿ ಬಂದಿರುತ್ತದೆ. ಮನೆಯಲ್ಲಿ ಅಮ್ಮ ಎರೆಯುವ ತೆಳ್ಳೇವು, ನೀರು ದೋಸೆ ಬೇರೆಯೇ ಜಾತಿ, ಅದರ ಮಾತು ಇಲ್ಲಿ ಬೇಡ.

ಹಾಗಾಗಿ ದೋಸೆಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗು. 1943ರಲ್ಲಿ ಸುತ್ತಲಿನ ಶಾಲೆ ಕಾಲೇಜಿನ ಹುಡುಗರಿಗೆ ಅಂತ ಶುರುವಾದದ್ದು, ಹೆಸರು ಬಂದದ್ದೂ ಅದಕ್ಕೇ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಾಣಿಗಳು ತಟ್ಟೆಯ ಮೇಲೆ ತಟ್ಟೆ ಪೇರಿಸಿ ತೋಳುದ್ದಕ್ಕೂ ಹೊತ್ತು ತರೋದನ್ನು ನೋಡಲಿಕ್ಕಾದರೂ ಹೋಗಬೇಕು. ಶುಕ್ರವಾರ ಬಾಗಿಲು ಹಾಕಿರುತ್ತದೆ. ಶನಿವಾರ ಭಾನುವಾರ ಹೋದರೆ ಹೊರಗೆ ಹೆಸರು ಕೂಗುವ ತನಕ ನಿಂತಿರಬೇಕು. ವಾರದ ನಡುವೆ ಬೆಳಿಗ್ಗೆ ಬೇಗ ಹೋಗು.

ನಿನ್ನ ರೂಮಿಗೆ ಇನ್ನೂ ಹತ್ತಿರ ಅಂದರೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರದ್ದು. ಪಟ್ಟಿ ಅನ್ನುವಂಥದ್ದೇ ಇಲ್ಲ: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲಿಕ್ಕೆ ಕಾಫಿ ಟೀ. ಸಾಂಬಾರು ಕೇಳಬೇಡ, ಕೊಡೋದಿಲ್ಲ. ಇಡ್ಲಿ ಮುಳುಗುವಷ್ಟು ಚಟ್ನಿ ಹಾಕಿಸಿಕೊಂಡು ರಸ್ತೆ ಬದಿಯಲ್ಲಿ ನಿಂತು ತಿನ್ನು, ಮುಗಿದರೆ ಮತ್ತೆ ಹಾಕುತ್ತಾರೆ. ನಾಲ್ಕೇ ತಿಂಡಿ ಮಾಡುವವನು ನಾಲ್ಕನ್ನೂ ಬಿಸಿಯಾಗಿ ಕೊಡಬಲ್ಲ. ಗೋಬಿ ಮಂಚೂರಿಯಿಂದ ಹಿಡಿದು ಪಾವ್ ಭಾಜಿ ತನಕ ಗೋಡೆ ತುಂಬಾ ಬೋರ್ಡು ಬರೆಸಿದ ಕಡೆ ನನಗೆ ನಂಬಿಕೆ ಕಡಿಮೆ.

ಈ ನಿಂತು ತಿನ್ನುವ ದರ್ಶಿನಿಗಳು 1980ರ ದಶಕದಲ್ಲಿ ಜಯನಗರದ ಕಡೆ ಶುರುವಾಗಿ ಊರಿಗೆಲ್ಲ ಹಬ್ಬಿದವು. ಕೂರಲು ಜಾಗ ಬೇಡ, ಮಾಣಿ ಬೇಡ, ಟೋಕನ್ ತಗೊಂಡು ನೀನೇ ತಟ್ಟೆ ಎತ್ತಿಕೋ. ಅದಕ್ಕೇ ಕಡಿಮೆ ದುಡ್ಡಿಗೆ ಆಗುತ್ತದೆ, ಜನ ಬಂದು ಹೋಗುತ್ತಲೇ ಇರೋದರಿಂದ ತಿಂಡಿಯೂ ಬಿಸಿ ಇರುತ್ತದೆ. ಆದರೆ ಅದು ಬೆಳಗಿನ ಮಾತು. ಮಧ್ಯಾಹ್ನ ಮೂರಕ್ಕೆ ಹೋದರೆ ಬೆಳಗಿನ ಉಪ್ಪಿಟ್ಟೇ ಬಿಸಿ ಪೆಟ್ಟಿಗೆಯಲ್ಲಿ ಬೆವರುತ್ತಾ ಕೂತಿರುತ್ತದೆ. ನಿನ್ನ ಎದೆಯುರಿಗೆ ಕಾರಣ ಹೋಟೆಲಲ್ಲ, ನೀನು ಹೋಗುವ ಹೊತ್ತು ಅಂತ ನನ್ನ ಗುಮಾನಿ. ರಾತ್ರಿ ಒಂಬತ್ತೂವರೆಗೆ ಪೂರಿ ಸಾಗು ತಿಂದರೆ ಯಾರಿಗೆ ಉರಿಯೋದಿಲ್ಲ ಹೇಳು.

ನನ್ನ ಸಿದ್ಧಾಂತಕ್ಕೆ ಅಪವಾದ ಅಂದರೆ ರವೆ ಇಡ್ಲಿ. ಅದು ಹೋಟೆಲಲ್ಲೇ ಹುಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು ಅಂತ ಎಂಟಿಆರ್‌ನವರು ಹೇಳುತ್ತಾರೆ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರು ಮಾಡಿದ ಹೋಟೆಲು ಅದು. ತುರ್ತು ಪರಿಸ್ಥಿತಿಯಲ್ಲಿ ಸರಕಾರ ತಿಂಡಿಯ ಬೆಲೆ ಇಳಿಸಿ ಅಂದಾಗ, ಆ ಬೆಲೆಗೆ ಆ ರುಚಿ ಕೊಡಲಾಗದೆ ಹೋಟೆಲು ಮುಚ್ಚಿ, ಪುಡಿಗಳನ್ನೂ ತಿಂಡಿ ಮಿಕ್ಸುಗಳನ್ನೂ ಪೊಟ್ಟಣ ಕಟ್ಟಿ ಮಾರಲು ಹೊರಟರು. ಹೋಟೆಲಿನ ತಿಂಡಿ ಮನೆ ಅಡುಗೆಮನೆಗೆ ಬಂದ ದಾರಿಗಳಲ್ಲಿ ಅದೂ ಒಂದು. ಆಮೇಲೆ ಹೋಟೆಲನ್ನೂ ಮತ್ತೆ ತೆರೆದರು, ಈಗ ಲಾಲ್‌ಬಾಗ್ ರಸ್ತೆಯಲ್ಲಿದೆ, ತುಪ್ಪದ ಬಟ್ಟಲು, ಆಲೂಗಡ್ಡೆ ಸಾಗು ಜತೆ ಕೊಡುತ್ತಾರೆ. ರೂಮಲ್ಲೂ ಆಗುತ್ತದೆ: ತುಪ್ಪಕ್ಕೆ ಸಾಸಿವೆ, ಗೋಡಂಬಿ, ಕರಿಬೇವು, ಹಸಿಮೆಣಸು ಹಾಕಿ, ಅದರಲ್ಲೇ ರವೆ ಘಮ್ಮೆನ್ನುವ ತನಕ ಹುರಿ. ಆರಿದ ಮೇಲೆ ಮೊಸರು, ಉಪ್ಪು, ಚಿಟಿಕೆ ಸೋಡಾ. ಇಡ್ಲಿ ತಟ್ಟೆ ಇಲ್ಲದಿದ್ದರೆ ಸಣ್ಣ ಬಟ್ಟಲಿಗೆ ತುಪ್ಪ ಸವರಿ ಹಬೆಯಲ್ಲಿಡು. ರುಬ್ಬೋದು, ಹುದುಗೋದು ಎರಡೂ ಇಲ್ಲ.

ಇನ್ನು ಸಂಜೆಯ ಹಸಿವು. ನೀನು ಎಡವುವುದೇ ಅಲ್ಲಿ, ಆಫೀಸು ಮುಗಿಸಿ ಸೀದಾ ಬಜ್ಜಿ ಗಾಡಿಗೆ. ಅದರ ಬದಲು ರೂಮಲ್ಲಿ ತೆಳು ಅವಲಕ್ಕಿ ತಂದಿಟ್ಟುಕೋ. ನಮ್ಮ ಸಾಗರದ ಕಡೆ ಮಾಡುವ ಹಾಗೇ ಮಾಡು, ನೀರು ಚಿಮುಕಿಸಬೇಡ. ಮೊದಲು ಕಾಯಿತುರಿ, ಉಪ್ಪು, ಬೆಲ್ಲ, ಹೆಚ್ಚಿದ ಹಸಿಮೆಣಸು ಇಷ್ಟನ್ನೂ ಕೈಯಲ್ಲಿ ಚೆನ್ನಾಗಿ ಕಿವುಚು. ಬೆಲ್ಲ ಕರಗಿ, ಕಾಯಿ ರಸ ಬಿಟ್ಟು ಬೆರಳಿಗೆ ಹಾಲು ಹಾಲಾಗಿ ಅಂಟುತ್ತದೆ. ಆಗ ನಿಂಬೆಹುಳಿ ಹಿಂಡಿ, ಅವಲಕ್ಕಿ ಹಾಕಿ ಹಗುರಕ್ಕೆ ಕಲಸು. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಶೇಂಗಾ, ಇಂಗು, ಕರಿಬೇವಿನ ಒಗ್ಗರಣೆ. ಮುಚ್ಚಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಲಕ್ಕಿ ಹದಕ್ಕೆ ಬಂದಿರುತ್ತದೆ. ಅಮ್ಮ ಬಂದರೆ ಏಕಾದಶಿ ಫಲಾಹಾರಕ್ಕೂ ಇದೇ ಆಯ್ತು.

ಮಂಡಕ್ಕಿಯೂ ಹಾಗೇ. ಅಂಗಡಿಯಲ್ಲಿ ಕಡ್ಲೆಪುರಿ ಅಂತ ಕೇಳು. ಕೊಬ್ಬರಿ ಎಣ್ಣೆ, ಮೆಣಸಿನ ಪುಡಿ, ಉಪ್ಪು, ಈರುಳ್ಳಿ, ಟೊಮೇಟೊ, ಕಾಯಿತುರಿ. ಕಲಸಿದ ಕೂಡಲೇ ತಿನ್ನಬೇಕು, ಟೀವಿ ನೋಡುತ್ತಾ ಕೂತೆಯೋ ಮೆತ್ತಗಾಗಿ ಯಾರಿಗೂ ಬೇಡವಾಗುತ್ತದೆ. ಅಕ್ಕಿರೊಟ್ಟಿ ತಟ್ಟುವುದಾದರೆ ತಣ್ಣನೆಯ ಬಾಣಲೆಗೇ ತಟ್ಟು, ಎರಡನೆಯದಕ್ಕೆ ಮೊದಲು ಬಾಣಲೆ ಆರಲು ಬಿಡು.

ಕರಿಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡ. ಒಬ್ಬನಿಗೆ ಅಂತ ಬಾಣಲೆ ಎಣ್ಣೆ ಇಟ್ಟರೆ ಉಳಿದ ಎಣ್ಣೆಯನ್ನು ವಾರವೆಲ್ಲ ಕಾಯಿಸಿ ಕಾಯಿಸಿ ತಿನ್ನುತ್ತೀಯ. ಕೋಡುಬಳೆ, ನಿಪ್ಪಟ್ಟು ಬೇಕಾದರೆ ಬೀದಿ ತುದಿಯ ಕಾಂಡಿಮೆಂಟ್ಸ್ ಅಂಗಡಿಯಿದೆ, ಕಾಂಗ್ರೆಸ್ ಕಡ್ಲೆಕಾಯಿ ಅನ್ನುವ ಮಸಾಲೆ ಶೇಂಗಾ, ಖಾರಾ ಬಿಸ್ಕೆಟ್ಟಿಗೆ ಅಯ್ಯಂಗಾರ್ ಬೇಕರಿ. ಡಿಸೆಂಬರ್ ಬಂದ ಮೇಲೆ ಸಜ್ಜನ್‌ರಾವ್ ವೃತ್ತದ ಕಡೆ ಒಂದು ಸಂಜೆ ಹೋಗಿ ಬಾ. ಅವರೆಕಾಳಿಗೆ ಆ ಊರು ಇಷ್ಟು ಹುಚ್ಚಾಗೋದು ನಮ್ಮ ಮಲೆನಾಡಿನವರಿಗೆ ಮೊದಮೊದಲು ಅರ್ಥವೇ ಆಗೋದಿಲ್ಲ. ಹಿತಕಿದ ಬೇಳೆ, ಅಂದರೆ ಸಿಪ್ಪೆ ಹಿಚುಕಿ ತೆಗೆದ ಅವರೆಕಾಳು, ಹಾಕಿದ ದೋಸೆ ತಿಂದು ನೋಡು, ಆಮೇಲೆ ಮಾತಾಡೋಣ.

ಅಮ್ಮ ಬಂದಾಗ ದರ್ಶಿನಿಗೆ ಕರ್ಕೊಂಡು ಹೋಗಬೇಡ ಮಾರಾಯ. ಮಂಡಿ ನೋವಿನವರನ್ನು ಕಟ್ಟೆ ಮುಂದೆ ನಿಲ್ಲಿಸಿ ಎಂತ ತಿಂಡಿ? ಕೂತು ಉಣ್ಣುವ ಕಡೆಯೇ ಹೋಗಿ, ಕಾಫಿ ಬೈ ಟೂ ಹೇಳಿ. ಅವರಿಗೆ ಪೂರ್ತಿ ಲೋಟ ಹೆಚ್ಚಾಗುತ್ತದೆ, ನಿನಗೂ ಅಷ್ಟು ಸಾಕು.

ಬರುವ ವಾರ ನಮ್ಮೂರಿನ ಬಸ್ಸಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಕಳಿಸ್ತೇನೆ, ಬೆಳಿಗ್ಗೆ ಐದಕ್ಕೆ ಎದ್ದು ಇಳಿಸಿಕೋ. ಡಬ್ಬಿ ನಮ್ಮತ್ತಿಗೆಯದು, ವಾಪಸು ಬರಲೇಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.

ಇಂತಿ ನಿನ್ನ,
ಸಾಗರದಿಂದ