ಟರ್ಫ್ ಟೆಸ್ಟ್ ಮಾಡೋದಾದ್ರೆ ಹಳೇದನ್ನ ಮಾಡಿ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಹುಲ್ಲು ಹಾಸಿದ ಟರ್ಫ್ ಗ್ರೌಂಡಲ್ಲಿ ಆಡಿ ಬಂದ ಮಕ್ಕಳ ಶೂ ಒಂದ್ಸಲ ಕೊಡವಿ ನೋಡಿ, ಕರೀ ಹರಳು ಉದುರುತ್ತೆ. ಬಹಳ ಕಡೆ ಅದು ಸವೆದು ಬಿಸಾಕಿದ ಟೈರನ್ನ ಪುಡಿ ಮಾಡಿದ್ದು, ಒಂದು ದೊಡ್ಡ ಫುಟ್‌ಬಾಲ್ ಮೈದಾನಕ್ಕೆ ಸುಮಾರು ನೂರು ಟನ್ ಸುರೀತಾರೆ. ಇದು ಸೇಫಾ ಅಂತ ಕೇಳಿದ್ರೆ ಒಂದು ಟೆಸ್ಟ್ ರಿಪೋರ್ಟ್ ಮುಂದಿಡ್ತಾರೆ. ನನ್ನ ತಕರಾರು ಇರೋದೇ ಆ ರಿಪೋರ್ಟ್ ಬಗ್ಗೆ.

ಮೂಟೆ ಬಿಚ್ಚಿ ತೆಗೆದ ಹೊಸ ಸ್ಯಾಂಪಲಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಅಳೆದ್ರೆ ಕೆಲಸ ಮುಗೀತು ಅನ್ಕೋತಾರೆ. ಯುರೋಪಲ್ಲಿ 2022ರ ಆಗಸ್ಟ್‌ನಿಂದ ಇಂಥ ಹರಳಲ್ಲಿ ಎಂಟು ಬಗೆಯ ಪಿಎಎಚ್ (ಕ್ಯಾನ್ಸರ್ ತರಬಲ್ಲ ಕೆಮಿಕಲ್‌ಗಳು) ಒಟ್ಟು ಸೇರಿ ಕೆಜಿಗೆ 20 ಮಿಲಿಗ್ರಾಂ ದಾಟೋ ಹಾಗಿಲ್ಲ, ಒಳ್ಳೇ ರೂಲೇ. ಆದ್ರೆ ಒಳಗೆ ಎಷ್ಟಿದೆ ಅನ್ನೋದೇ ಬೇರೆ, ಮಳೆ ಬಂದಾಗ ಹೊರಗೆ ಎಷ್ಟು ಇಳಿಯುತ್ತೆ ಅನ್ನೋದೇ ಬೇರೆ. ಟೈರಲ್ಲಿ ಜಿಂಕ್ ನೂರಕ್ಕೆ ಒಂದು ಭಾಗದಷ್ಟು ಇರುತ್ತೆ, ಅದು ನಮಗಿಂತ ನೀರಲ್ಲಿರೋ ಜೀವಿಗಳಿಗೇ ಜಾಸ್ತಿ ಕಷ್ಟ. ಇದನ್ನ ನೋಡೋಕೆ ಲೀಚಿಂಗ್ ಟೆಸ್ಟ್ ಅಂತ ಇದೆ, ಹರಳಿನ ತೂಕದ ಹತ್ತು ಪಟ್ಟು ನೀರು ಹಾಕಿ 24 ಗಂಟೆ ಅಲ್ಲಾಡಿಸಿ ಸೋಸಿ ಆ ನೀರನ್ನ ಪರೀಕ್ಷೆ ಮಾಡೋದು, ಅದೇನು ರಾಕೆಟ್ ವಿಜ್ಞಾನ ಅಲ್ಲ. ಅದನ್ನೂ ಹೊಸ ಹರಳಿಗೇ ಮಾಡಿ ಕೈತೊಳ್ಕೊಂಡ್ರೆ ಏನುಪಯೋಗ ಹೇಳಿ, ಮೈದಾನದಲ್ಲಿ ಅದು ವರ್ಷಗಟ್ಲೆ ಬಿಸಿಲಲ್ಲಿ ಕಾದು ಶೂ ಸ್ಟಡ್ ಕೆಳಗೆ ತುಳಿಸ್ಕೊಂಡು ಇನ್ನೂ ಸಣ್ಣ ಪುಡಿಯಾಗಿರುತ್ತೆ, ಪುಡಿ ಸಣ್ಣ ಆದಷ್ಟೂ ನೀರಿಗೆ ತಾಗೋ ಮೈ ಜಾಸ್ತಿ.

ಇನ್ನೊಂದು ವಿಷಯ, ಟೆಸ್ಟ್ ಮಾಡ್ಬೇಕಾದ ಪಟ್ಟಿಯಲ್ಲಿ ಇಲ್ಲದ್ದನ್ನ ಯಾವ ಲ್ಯಾಬೂ ಹುಡುಕಲ್ಲ. ಟೈರ್ ಬಿರುಕು ಬಿಡಬಾರದು ಅಂತ ಹಾಕೋ 6ಪಿಪಿಡಿ ಅನ್ನೋ ಕೆಮಿಕಲ್ ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತೆ, ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಕೋಹೊ ಸಾಲ್ಮನ್ ಮೀನು ಸಾಯ್ತಿದ್ದಿದ್ದು ಇದರಿಂದ ಅಂತ ಗೊತ್ತಾಗಿದ್ದೇ 2020ರಲ್ಲಿ. ಅಲ್ಲಿ ರಸ್ತೆಯಿಂದ ಹರಿದು ಬಂದ ಟೈರ್ ಪುಡಿ, ಇಲ್ಲಿ ನಾವೇ ತಂದು ಹಾಸಿದ ಟೈರ್ ಪುಡಿ.

ಹೆದರಿಸೋಕೆ ಬರೀತಿಲ್ಲ. ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ 2024ರ ವರದಿಯಲ್ಲಿ ಆಟಗಾರರ ಮೈಗೆ ಇದರಿಂದ ಸೇರೋದು ಕಮ್ಮಿ ಇರೋ ಹಾಗಿದೆ ಅಂತಾನೇ ಹೇಳಿದೆ, ಜೊತೆಗೆ ಇದು ಅಪಾಯದ ಲೆಕ್ಕಾಚಾರ ಅಲ್ಲ ಅಂತಾನೂ ಸೇರಿಸಿದೆ. ನಾನು ಕೇಳ್ತಿರೋದು ಚರಂಡಿ ಕಡೆಯ ವಿಷಯ.

ಆದ್ರಿಂದ ಟರ್ಫ್ ಹಾಕೋ ಕಾಂಟ್ರಾಕ್ಟಲ್ಲೇ ಬರೆಸಿ, ಹಾಸಿದಾಗ ಒಂದ್ಸಲ, ಆಮೇಲೆ ಎರಡು ವರ್ಷಕ್ಕೊಮ್ಮೆ, ಗೋಲ್ ಮುಂದೆ, ಮಧ್ಯದಲ್ಲಿ, ಮೂಲೆಯಲ್ಲಿ ಬೇರೆಬೇರೆ ಸ್ಯಾಂಪಲ್ ತೆಗೀಬೇಕು, ತೆಗೆಯೋದು ಹಾಕಿದ ಕಂಪನಿಯವರಾಗಿರಬಾರದು. ಜೋರು ಮಳೆ ಬಂದ ದಿನ ಮೈದಾನದ ಡ್ರೈನ್ ಬಾಯಲ್ಲಿ ಒಂದು ಬಾಟ್ಲಿ ನೀರೂ ಹಿಡೀಬೇಕು. ಬಂದ ರಿಪೋರ್ಟನ್ನ ಫೈಲಲ್ಲಿಡದೆ ಗೇಟಿನ ಮೇಲೆ ಅಂಟಿಸಿ, ಟೈಮ್ ಸ್ಲಾಟು ರೇಟು ಅಂಟಿಸೋ ಜಾಗದ ಪಕ್ಕದಲ್ಲೇ.

ಇಂತಿ,
ಆಡೋ ಮಕ್ಕಳ ತಂದೆಯೊಬ್ಬ